ಕೀಲಿನೊಳಗಿನ ಸುಣ್ಣದ ಹರಳು

ವಯಸ್ಸಾದವರು ಮೆಟ್ಟಿಲು ಹತ್ತುವಾಗ ನಡುವೆ ಗೋಡೆ ಹಿಡಿದು ನಿಲ್ಲುವುದನ್ನೂ, ನೆಲದ ಮೇಲೆ ಕುಳಿತವರು ಏಳುವಾಗ ಮಂಡಿಯ ಮೇಲೆ ಕೈಯೂರಿ ನರಳುವುದನ್ನೂ ಕಾಣದ ಮನೆ ನಮ್ಮಲ್ಲಿ ವಿರಳ. ಏನಾಗಿದೆಯೆಂದು ಕೇಳಿದರೆ ಎಲ್ಲ ಕಡೆಯೂ ಬರುವ ಉತ್ತರ ಒಂದೇ: "ಮಂಡಿ ಸವೆದುಹೋಗಿದೆ." ಗಾಡಿಯ ಅಚ್ಚು ಸವೆಯುವಂತೆ, ಬಾಗಿಲಿನ ತಿರುಗಣಿ ಸವೆಯುವಂತೆ, ಅರವತ್ತು ಎಪ್ಪತ್ತು ವರ್ಷ ದೇಹದ ಭಾರವನ್ನು ಹೊತ್ತ ಕೀಲೂ ಸವೆಯುವುದು ಸಹಜವೆಂದು ನಾವು ಭಾವಿಸುತ್ತೇವೆ, ಸಹಜವಾದದ್ದಕ್ಕೆ ಚಿಕಿತ್ಸೆಯೇನು ಎಂದು ಸುಮ್ಮನಾಗುತ್ತೇವೆ.

ಈ ವ್ಯಾಧಿಯನ್ನು ವೈದ್ಯರು ಆಸ್ಟಿಯೊಆರ್ಥ್ರೈಟಿಸ್ ಎನ್ನುತ್ತಾರೆ. ನಾವು ಅಸ್ಥಿಸಂಧಿವಾತವೆಂದು ಕರೆಯೋಣ. ೨೦೨೦ರಲ್ಲಿ ಇಡೀ ಪ್ರಪಂಚದಲ್ಲಿ ಸುಮಾರು ೫೯ ಕೋಟಿ ೫೦ ಲಕ್ಷ ಮಂದಿಗೆ ಈ ವ್ಯಾಧಿಯಿದ್ದಿತೆಂದು ಅಂದಾಜು ಮಾಡಲಾಗಿದೆ. ಮಂಡಿ, ಸೊಂಟದ ಕೀಲು, ಕೈಬೆರಳಿನ ಗೆಣ್ಣು - ಇವು ಇದಕ್ಕೆ ಮುಖ್ಯವಾಗಿ ಬಲಿಯಾಗುವ ಸ್ಥಳಗಳು. ಇಷ್ಟು ಜನರನ್ನು ಕಾಡುವ ವ್ಯಾಧಿಯನ್ನು 'ಸವೆತ' ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡಬಹುದೆ?

ಗಾಡಿಯ ಅಚ್ಚು ಸವೆದರೆ ಅದು ಊದಿಕೊಳ್ಳುವುದಿಲ್ಲ. ರಾತ್ರಿ ಗಾಡಿಯನ್ನು ಬಿಚ್ಚಿ ನಿಲ್ಲಿಸಿದ ಮೇಲೂ ಅಚ್ಚು ಬಿಸಿಯಾಗಿಯೇ ಇರುವುದಿಲ್ಲ. ಒಂದು ವಾರ ಕೆಟ್ಟು, ಮರುವಾರ ತಾನಾಗಿಯೇ ಸುಧಾರಿಸುವುದೂ ಇಲ್ಲ. ಆದರೆ ಮನುಷ್ಯನ ಮಂಡಿಯಲ್ಲಿ ಇವೆಲ್ಲವೂ ನಡೆಯುತ್ತವೆ. ನಿನ್ನೆ ಇದ್ದಷ್ಟೇ ಸವೆತ ಇಂದೂ ಇರುವಾಗ ನಿನ್ನೆಯಿಲ್ಲದ ಬಾವು ಇಂದು ಎಲ್ಲಿಂದ ಬಂದಿತು? ಸವೆತವೊಂದೇ ಈ ಪ್ರಶ್ನೆಗೆ ಉತ್ತರವಾಗಲಾರದು. ಉತ್ತರದ ಒಂದು ಭಾಗವಾದರೂ ಕೀಲಿನೊಳಗೆ ಸೇರಿಕೊಂಡಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಲ್ಲಿ ಅಡಗಿದೆಯೆಂಬುದು ಕಳೆದ ಅರುವತ್ತು ವರ್ಷಗಳ ಸಂಶೋಧನೆಯಿಂದ ಹೊರಬಿದ್ದಿರುವ ಸಂಗತಿ.

ಕೀಲು ಎಂಬ ಸೋಜಿಗ

ಎರಡು ಮೂಳೆಗಳು ಸಂಧಿಸುವ ಜಾಗದಲ್ಲಿ ಮೂಳೆಯ ತುದಿಗಳು ಒಂದನ್ನೊಂದು ನೇರವಾಗಿ ಉಜ್ಜುವುದಿಲ್ಲ. ಪ್ರತಿಯೊಂದು ತುದಿಯ ಮೇಲೂ ನುಣುಪಾದ, ಮುತ್ತಿನ ಬಣ್ಣದ ಹೊದಿಕೆಯೊಂದುಂಟು. ಇದೇ ಮೃದ್ವಸ್ಥಿ. ಮಂಡಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರು. ಅದರ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಉಳಿದದ್ದು ಹಗ್ಗದಂತಹ ಕೊಲಾಜೆನ್ ಎಳೆಗಳು ಮತ್ತು ನೀರನ್ನು ಹೀರಿ ಹಿಡಿದಿಡುವ ಒಂದು ಬಗೆಯ ಪ್ರೋಟೀನು. ನಾವು ಕಾಲೂರಿದಾಗ ಈ ಹೊದಿಕೆ ಒತ್ತಿದ ಸ್ಪಂಜಿನಂತೆ ಸ್ವಲ್ಪ ನೀರನ್ನು ಬಿಡುತ್ತದೆ. ಕಾಲೆತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ.

ಮೃದ್ವಸ್ಥಿಯೊಳಗೆ ಅಲ್ಲೊಂದು ಇಲ್ಲೊಂದು ಜೀವಕೋಶವುಂಟು. ಹೊದಿಕೆಯನ್ನು ಕಟ್ಟುವುದೂ, ದುರಸ್ತಿ ಮಾಡುವುದೂ ಈ ಕೋಶಗಳ ಕೆಲಸ. ಇಲ್ಲಿಗೆ ರಕ್ತನಾಳಗಳು ಬರುವುದಿಲ್ಲ. ಆದುದರಿಂದ ದುರಸ್ತಿಯ ಕೆಲಸ ಬಲು ನಿಧಾನ. ನರಗಳೂ ಇಲ್ಲ, ಆದುದರಿಂದ ಆರೋಗ್ಯವಾದ ಮೃದ್ವಸ್ಥಿಯನ್ನು ಗೀರಿದರೂ ನೋವಾಗದು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮೃದ್ವಸ್ಥಿ ಸವೆಯುವುದೇ ವ್ಯಾಧಿಯ ಸರ್ವಸ್ವವಾಗಿದ್ದರೆ ಸವೆತ ಬಹುದೂರ ಮುಂದುವರಿಯುವವರೆಗೆ ರೋಗಿಗೆ ನೋವೇ ತಿಳಿಯಬಾರದಾಗಿತ್ತು. ನೋವು ಏಳುವುದು ನರಗಳಿರುವ ಕಡೆಗಳಿಂದ: ಹೊದಿಕೆಯ ಕೆಳಗಿನ ಮೂಳೆ, ಕೀಲನ್ನು ಸುತ್ತುವರಿದ ಚೀಲ, ಆ ಚೀಲದ ಒಳಮೈಗೆ ಅಂಟಿಕೊಂಡಿರುವ ತೆಳು ಪೊರೆ.

ಈ ಒಳಪೊರೆಯೇ ಕೀಲಿಗೆ ಜಾರುಗುಣವನ್ನು ಕೊಡುವ ರಸವನ್ನು ಸ್ರವಿಸುತ್ತದೆ. ಆರೋಗ್ಯವಂತನ ಮಂಡಿಯಲ್ಲಿ ಈ ಕೀಲುರಸ ಕೆಲವೇ ಮಿಲಿಲೀಟರಿನಷ್ಟು, ಮೊಟ್ಟೆಯ ಬಿಳಿಯಂತೆ ಅಂಟಾಗಿ, ತಿಳಿಯಾಗಿ ಇರುತ್ತದೆ. ಒಳಪೊರೆ ಕೆರಳಿತೆಂದರೆ ರಸ ಹೆಚ್ಚಿ, ನೀರಾಗಿ, ಕೀಲು ಊದಿಕೊಳ್ಳುತ್ತದೆ. ಬಿಸಿ, ಕೆಂಪು, ಬಾವು, ನೋವು - ಈ ನಾಲ್ಕರ ಕೂಟವನ್ನೇ ಉರಿಯೂತವೆನ್ನುವುದು. ಅಸ್ಥಿಸಂಧಿವಾತದಲ್ಲಿ ಈ ನಾಲ್ಕೂ ಒಟ್ಟಿಗೆ ಕಣ್ಣಿಗೆ ಹೊಡೆಯುವಷ್ಟು ಪ್ರಬಲವಾಗಿ ಇರುವುದಿಲ್ಲ. ಆದಕಾರಣವೇ ಬಹುಕಾಲ ವೈದ್ಯರಲ್ಲಿ ಅನೇಕರು ಇಲ್ಲಿ ಉರಿಯೂತವೇ ಇಲ್ಲವೆಂದು ವಾದಿಸಿದರು. ಉರಿಯೂತವನ್ನು ಸೂಚಿಸುವ 'ಐಟಿಸ್' ಎಂಬ ಪ್ರತ್ಯಯವನ್ನು ಕಿತ್ತುಹಾಕಿ 'ಆಸ್ಟಿಯೊಆರ್ಥ್ರೋಸಿಸ್' ಎಂದೇ ಕರೆಯಬೇಕೆಂದವರೂ ಉಂಟು. ಅವರ ಮಾತು ಪೂರ್ತಿಯಾಗಿ ಸರಿಯಲ್ಲವೆಂದು ತೋರಿಸಿದ ಸಾಕ್ಷ್ಯಗಳಲ್ಲಿ ಹರಳುಗಳೂ ಸೇರಿವೆ.

ಗೌಟ್ ಕಲಿಸಿದ ಪಾಠ

ಹರಳುಗಳ ಕಥೆ ಆರಂಭವಾಗುವುದು ಅಸ್ಥಿಸಂಧಿವಾತದಿಂದಲ್ಲ, ಅದರ ದಾಯಾದಿಯಾದ ಗೌಟ್ ಎಂಬ ವ್ಯಾಧಿಯಿಂದ. ಕಾಲಿನ ಹೆಬ್ಬೆರಳು ಒಂದೇ ರಾತ್ರಿಯಲ್ಲಿ ಕೆಂಪಗೆ ಊದಿ, ಹೊದ್ದ ಬಟ್ಟೆ ಸೋಕಿದರೂ ಸಹಿಸಲಾಗದಂತಹ ನೋವನ್ನು ಕೊಡುವ ವ್ಯಾಧಿ ಇದು. ೧೭ನೆಯ ಶತಮಾನದಲ್ಲಿಯೇ ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದ ಕೆಳಗೆ ಗೌಟ್ ರೋಗಿಯ ಗಂಟಿನಿಂದ ತೆಗೆದ ಸುಣ್ಣದಂತಹ ವಸ್ತುವನ್ನಿಟ್ಟು ನೋಡಿ ಅದರಲ್ಲಿ ಸೂಜಿಯಂತಹ ಕಣಗಳನ್ನು ಕಂಡಿದ್ದ. ಅದು ಸುಣ್ಣವಲ್ಲ, ಯೂರಿಕ್ ಆಮ್ಲದ ಲವಣವೆಂದು ಮುಂದೆ ಗೊತ್ತಾಯಿತು. ೧೮೪೮ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುವುದನ್ನು ತೋರಿಸಿದ. ೧೮೯೯ರಲ್ಲಿ ಫ್ರಾಯ್ಡ್‌ವೈಲರ್ ಎಂಬಾತ ಈ ಲವಣದ ಹರಳುಗಳನ್ನು ದೇಹದೊಳಕ್ಕೆ ಸೇರಿಸಿದರೆ ಉರಿಯೂತ ಹುಟ್ಟುವುದೆಂದು ಪ್ರಯೋಗದಿಂದ ಕಂಡುಕೊಂಡ. ಆದರೆ ಅವನ ಬರಹವನ್ನು ವೈದ್ಯಲೋಕ ಮರೆತೇಬಿಟ್ಟಿತು.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ೧೯೬೧ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲಂಡರ್ ಎಂಬ ವೈದ್ಯರು ಕೀಲುರಸವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಈ ಉಪಕರಣದ ತತ್ತ್ವ ಸರಳವಾದುದು. ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡುವ ಎರಡು ಫಲಕಗಳನ್ನು ಒಂದಕ್ಕೊಂದು ಅಡ್ಡವಾಗಿ ಇಟ್ಟರೆ ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದನ್ನು ದಾಟಲಾರದು, ನೋಟವೆಲ್ಲ ಕತ್ತಲು. ನಡುವೆ ಹರಳೊಂದಿದ್ದರೆ ಅದು ಬೆಳಕಿನ ಕಂಪನವನ್ನು ತಿರುಗಿಸಿ ದಾರಿ ಮಾಡಿಕೊಡುತ್ತದೆ. ಆಗ ಕಾರ್ಗತ್ತಲ ಆಕಾಶದಲ್ಲಿ ನಕ್ಷತ್ರದಂತೆ ಹರಳು ಮಿನುಗುತ್ತದೆ. ಗೌಟ್ ರೋಗಿಗಳ ಕೀಲುರಸದಲ್ಲಿ ಹೀಗೆ ಮಿನುಗುವ ಸೂಜಿಗಳು ಕಂಡುವು.

ಹರಳು ಇದೆಯೆಂದ ಮಾತ್ರಕ್ಕೆ ಹರಳೇ ಕಾರಣವೆಂದು ಹೇಳಬಹುದೆ? ಈ ಸಂದೇಹವನ್ನು ತೀರಿಸಲು ಮೆಕಾರ್ಟಿಯೂ ಅವನ ಸಹೋದ್ಯೋಗಿ ಫೇರ್ಸ್ ಎಂಬಾತನೂ ಧೈರ್ಯವೊಂದನ್ನು ಮಾಡಿದರು. ಯೂರೇಟ್ ಹರಳುಗಳನ್ನು ತಮ್ಮ ಮಂಡಿಯೊಳಕ್ಕೇ ಚುಚ್ಚಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಮಂಡಿ ಊದಿ, ಗೌಟ್ ರೋಗಿಯ ಸಂಕಟವೇ ಅವರ ಪಾಲಿಗೂ ಬಂದಿತು. ೧೯೬೨ರಲ್ಲಿ ಪ್ರಕಟವಾದ ಈ ಪ್ರಯೋಗದ ತರುವಾಯ ಹರಳು ಕೇವಲ ಪ್ರೇಕ್ಷಕನೆಂದು ಹೇಳುವುದು ಕಷ್ಟವಾಯಿತು.

ಸುಣ್ಣದ ಹರಳುಗಳ ಎರಡು ಕುಲ

ಅದೇ ಕಾಲದಲ್ಲಿ ಮೆಕಾರ್ಟಿಗೆ ಇನ್ನೊಂದು ವಿಚಿತ್ರ ಎದುರಾಯಿತು. ಗೌಟ್ ಎಂದು ಭಾವಿಸಿದ್ದ ಕೆಲವು ರೋಗಿಗಳ ಕೀಲುರಸದಲ್ಲಿ ಸೂಜಿಗಳಿಗೆ ಬದಲಾಗಿ ಮೊಂಡು ತುದಿಯ ಕಡ್ಡಿಗಳೂ, ಓರೆಯಾದ ಚೌಕಗಳೂ ಇದ್ದುವು. ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವ ಇವನ್ನು ಏನೂ ಮಾಡಲಿಲ್ಲ. ಕ್ಷ-ಕಿರಣಗಳ ನೆರವಿನಿಂದ ಅವುಗಳ ಅಣುರಚನೆಯನ್ನು ಪರೀಕ್ಷಿಸಿದಾಗ ಅವು ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಎಂಬ ವಸ್ತುವಿನ ಹರಳುಗಳೆಂದು ೧೯೬೨ರಲ್ಲಿ ತಿಳಿದುಬಂದಿತು. ಗೌಟನ್ನು ಹೋಲುವ ಈ ವ್ಯಾಧಿಗೆ 'ಹುಸಿ ಗೌಟ್' ಎಂಬ ಹೆಸರು ಬಂದಿತು.

ಈ ಹರಳುಗಳ ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಿಂದ ಇಪ್ಪತ್ತು ಭಾಗದವರೆಗೆ. ಅವು ಮೃದ್ವಸ್ಥಿಯೊಳಗೆ ಸಾಕಷ್ಟು ಸಂಗ್ರಹವಾದರೆ ಕ್ಷ-ಕಿರಣದ ಚಿತ್ರದಲ್ಲಿ, ಎರಡು ಮೂಳೆಗಳ ನಡುವಣ ಕಪ್ಪು ಅಂತರದಲ್ಲಿ, ಸೀಮೆಸುಣ್ಣದಿಂದ ಎಳೆದಂತಹ ಬಿಳಿಯ ಗೆರೆ ಕಾಣುತ್ತದೆ. ಅರುವತ್ತು ವರ್ಷಕ್ಕೆ ಮುಂಚೆ ಈ ಗೆರೆ ಅಪರೂಪ. ಎಂಬತ್ತು ದಾಟಿದವರಲ್ಲಿ ಸಾಮಾನ್ಯ.

ಎರಡನೆಯ ಕುಲದ ಹರಳುಗಳು ಇನ್ನೂ ಸೂಕ್ಷ್ಮವಾದುವು. ಮೂಳೆ ಮತ್ತು ಹಲ್ಲುಗಳಿಗೆ ಗಟ್ಟಿತನವನ್ನು ಕೊಡುವ ಹೈಡ್ರಾಕ್ಸಿಆಪಟೈಟ್ ಮತ್ತು ಅದರ ಬಳಗದ ಕ್ಯಾಲ್ಸಿಯಂ ಫಾಸ್ಫೇಟುಗಳು ಈ ಗುಂಪಿನವು. ಮೂಳೆಯಲ್ಲಿದ್ದಾಗ ಪರಮೋಪಕಾರಿಯಾದ ಈ ವಸ್ತು ಮೃದ್ವಸ್ಥಿಯಲ್ಲಿ ಕಾಣಿಸಿಕೊಂಡರೆ ಅನರ್ಥಕ್ಕೆ ಎಡೆಯಾಗುತ್ತದೆ. ಒಂದೊಂದು ಹರಳೂ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕದು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಬಿಡಿ ಹರಳು ಕಾಣದು. ಧ್ರುವೀಕೃತ ಬೆಳಕಿನಲ್ಲಿಯೂ ಮಿನುಗದು. ಅವು ಉಂಡೆಗಟ್ಟಿಕೊಂಡಾಗ ಅಲಿಜರಿನ್ ಎಂಬ ಕೆಂಪು ಬಣ್ಣವನ್ನು ಹಾಕಿದರೆ ಕೆಂಪಗೆ ತೋರಬಹುದು. ನಿಜರೂಪವನ್ನು ನೋಡಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಈ ಕಾರಣದಿಂದ ಅವು ಬಹುಕಾಲ ವೈದ್ಯರ ಕಣ್ಣು ತಪ್ಪಿಸಿಕೊಂಡುವು. ೧೯೭೬ರಲ್ಲಿ ಇಂಗ್ಲೆಂಡಿನ ಪಾಲ್ ಡೀಪ್ ಮತ್ತು ಸಂಗಡಿಗರು ಅಸ್ಥಿಸಂಧಿವಾತದ ರೋಗಿಗಳ ಕೀಲುರಸದಲ್ಲಿ ಇವನ್ನು ಗುರುತಿಸಿದರು. ೧೯೮೧ರಲ್ಲಿ ಮೆಕಾರ್ಟಿಯ ತಂಡ ಮಿಲ್‌ವಾಕಿ ನಗರದಲ್ಲಿ, ವೃದ್ಧರ ಭುಜದ ಕೀಲನ್ನು ಕೆಲವೇ ಕಾಲದಲ್ಲಿ ಧ್ವಂಸಮಾಡುವ ವ್ಯಾಧಿಯೊಂದನ್ನು ವರ್ಣಿಸಿತು. ಆ ಭುಜಗಳ ರಸದಲ್ಲಿ ಇದೇ ಹರಳುಗಳು ತುಂಬಿದ್ದುವು.

ಅಸ್ಥಿಸಂಧಿವಾತದಲ್ಲಿ ಇಂತಹ ಹರಳುಗಳು ಎಷ್ಟರಮಟ್ಟಿಗೆ ಇರುತ್ತವೆ? ೨೦೦೯ರಲ್ಲಿ ಜರ್ಮನಿಯ ವೈದ್ಯರು ಪ್ರಕಟಿಸಿದ ಪರಿಶೀಲನೆಯೊಂದು ಇಲ್ಲಿ ಗಮನಾರ್ಹವಾದುದು. ವ್ಯಾಧಿ ಕೊನೆಯ ಹಂತಕ್ಕೆ ಬಂದು ಮಂಡಿಯನ್ನೇ ಬದಲಾಯಿಸಬೇಕಾಗಿ ಬಂದ ೧೨೦ ಮಂದಿಯ ಮೃದ್ವಸ್ಥಿಯನ್ನು ಅವರು ಪರೀಕ್ಷಿಸಿದರು. ೧೨೦ರಲ್ಲಿ ೧೨೦ರಲ್ಲಿಯೂ ಸುಣ್ಣ ಕಟ್ಟಿದ್ದಿತು. ಅಷ್ಟೇ ಅಲ್ಲ, ಸುಣ್ಣ ಹೆಚ್ಚಾಗಿದ್ದಷ್ಟೂ ರೋಗಿಯ ಮಂಡಿಯ ಸ್ಥಿತಿ ಹೆಚ್ಚು ಕೆಟ್ಟಿದ್ದಿತು.

ಹರಳು ಕಟ್ಟುವ ಬಗೆ

ಸುಣ್ಣವೆಂದೊಡನೆ ಹಲವರಿಗೆ ಒಂದು ಭಯ ಹುಟ್ಟಬಹುದು: ಹಾಲು, ರಾಗಿ, ಸೊಪ್ಪುಗಳಲ್ಲಿರುವ ಸುಣ್ಣಾಂಶವೇ ಕೀಲಿಗೆ ಹೋಗಿ ಕೂಡುವುದೆ? ಹಾಗಲ್ಲ. ರಕ್ತದಲ್ಲಿ ಕ್ಯಾಲ್ಸಿಯಮ್ಮಿನ ಪ್ರಮಾಣವನ್ನು ದೇಹ ಬಹು ಕಟ್ಟುನಿಟ್ಟಾಗಿ ಕಾಪಾಡಿಕೊಳ್ಳುತ್ತದೆ. ಊಟದಲ್ಲಿ ಸ್ವಲ್ಪ ಹೆಚ್ಚಾದರೆ ಅದು ಕೀಲಿನಲ್ಲಿ ಹರಳಾಗುವುದಿಲ್ಲ. ತೊಡಕು ಇರುವುದು ಮೃದ್ವಸ್ಥಿಯ ಜೀವಕೋಶಗಳ ಬಾಳುವೆಯಲ್ಲಿ.

ಗಡಸು ನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಸುಣ್ಣದ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಕೊಳವೆಗಳಲ್ಲಿ ಹೀಗೆ ಸುಣ್ಣ ಕಟ್ಟದಂತೆ ತಡೆಯಲು ನೀರಿಗೆ ಕೆಲವು ಬಗೆಯ ಫಾಸ್ಫೇಟುಗಳನ್ನು ಸ್ವಲ್ಪ ಬೆರೆಸುವ ಪದ್ಧತಿಯುಂಟು. ೧೯೬೦ರ ದಶಕದ ಆರಂಭದಲ್ಲಿ ಹರ್ಬರ್ಟ್ ಫ್ಲೈಶ್ ಎಂಬ ಸ್ವಿಸ್ ವಿಜ್ಞಾನಿ ಮತ್ತು ಅವನ ಸಂಗಡಿಗರು ನಮ್ಮ ದೇಹವೂ ಇದೇ ಉಪಾಯವನ್ನು ಬಳಸುತ್ತದೆಂದು ತೋರಿಸಿದರು. ಎರಡು ಫಾಸ್ಫೇಟುಗಳು ಕೂಡಿ ಆದ ಪೈರೊಫಾಸ್ಫೇಟ್ ಎಂಬ ಸಣ್ಣ ಅಣುವೇ ದೇಹದ ಈ ಕಾವಲುಗಾರ. ಮೃದು ಅಂಗಗಳಲ್ಲಿ ಮೂಳೆಯ ಸುಣ್ಣ ಕಟ್ಟದಂತೆ ಅದು ತಡೆಯುತ್ತದೆ.

ಆದರೆ ಕಾವಲುಗಾರರು ಮಿತಿಮೀರಿದರೆ ಅವರೇ ಹೊರೆಯಾಗುವರು. ಮೃದ್ವಸ್ಥಿಯಲ್ಲಿ ಪೈರೊಫಾಸ್ಫೇಟ್ ವಿಪರೀತವಾದರೆ ಅದೇ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಹರಳಾಗುತ್ತದೆ. ಇದು ಮೊದಲನೆಯ ಕುಲ. ತೀರ ಕಡಿಮೆಯಾದರೆ ತಡೆಯಿಲ್ಲದೆ ಮೂಳೆಯ ಸುಣ್ಣ ಕಟ್ಟಿಕೊಳ್ಳುತ್ತದೆ. ಇದು ಎರಡನೆಯ ಕುಲ. ಜೀವಕೋಶದ ಶಕ್ತಿಭಂಡಾರವಾದ ಎ.ಟಿ.ಪಿ. ಎಂಬ ವಸ್ತುವನ್ನು ಒಡೆದು ಪೈರೊಫಾಸ್ಫೇಟನ್ನು ಉತ್ಪಾದಿಸುವ ಕಿಣ್ವವೊಂದುಂಟು. ಪೈರೊಫಾಸ್ಫೇಟನ್ನು ಮತ್ತೆ ಒಡೆದುಹಾಕುವ ಕಿಣ್ವ ಇನ್ನೊಂದು. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಸಮನಾಗಿರಬೇಕು. ೨೦೦೦ದಲ್ಲಿ ಅಮೆರಿಕದ ಸಂಶೋಧಕರು ಕೀಲುಗಳೆಲ್ಲ ಸುಣ್ಣಗಟ್ಟಿ ಬಿಗಿದುಹೋಗುವ ಒಂದು ಜಾತಿಯ ಇಲಿಯಲ್ಲಿ ದೋಷ ಎಲ್ಲಿದೆಯೆಂದು ಹುಡುಕಿದರು. ಕೋಶದಿಂದ ಪೈರೊಫಾಸ್ಫೇಟ್ ಹೊರಬರಲು ನೆರವಾಗುವ ಜೀನೊಂದು ಕೆಟ್ಟಿರುವುದು ಸಿಕ್ಕಿತು. ಅದೇ ಜೀನು ಬೇರೊಂದು ರೀತಿಯಲ್ಲಿ ಮಾರ್ಪಟ್ಟ ಮನುಷ್ಯ ಕುಟುಂಬಗಳಲ್ಲಿ ಎಳೆಯ ವಯಸ್ಸಿನಲ್ಲಿಯೇ ಮೊದಲನೆಯ ಕುಲದ ಹರಳುಗಳು ಕಾಣಿಸಿಕೊಳ್ಳುತ್ತವೆ.

ಇಂತಹ ಕುಟುಂಬಗಳು ಅಪರೂಪ. ಉಳಿದವರಲ್ಲಿ ಮುಪ್ಪು, ಹಳೆಯ ಪೆಟ್ಟು, ಮೊದಲೇ ಕೆಟ್ಟ ಕೀಲು - ಇವು ಮುಖ್ಯ ಕಾರಣಗಳು. ದೇಹದಲ್ಲಿ ಕಬ್ಬಿಣದ ಅಂಶ ವಿಪರೀತವಾಗಿ ಕೂಡುವ ವ್ಯಾಧಿ, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯಿಡ್ ಗ್ರಂಥಿಗಳ ಅತಿಚಟುವಟಿಕೆ, ರಕ್ತದಲ್ಲಿ ಮೆಗ್ನೀಸಿಯಮ್ಮಿನ ಕೊರತೆ - ಇವುಗಳಿಂದಲೂ ಪೈರೊಫಾಸ್ಫೇಟ್ ಹರಳು ಕಟ್ಟಬಹುದು. ಅರುವತ್ತಕ್ಕೆ ಮೊದಲೇ ಹರಳು ಕಂಡರೆ ವೈದ್ಯರು ಇವನ್ನು ಹುಡುಕುವುದು ಇದಕ್ಕಾಗಿಯೇ.

ಹರಳಿನಿಂದ ಉರಿ

ಜಡವಾದ ಹರಳು ಜೀವಂತ ಅಂಗವನ್ನು ಕೆರಳಿಸುವುದು ಹೇಗೆ? ಕಾಲಿಗೆ ಮುಳ್ಳು ಚುಚ್ಚಿದಂತೆ ಅದರ ಮೊನೆ ತಾಗುವುದರಿಂದಲೆ? ಇಷ್ಟು ಸಣ್ಣ ಕಣಗಳಲ್ಲಿ ಮೊನೆಗಿಂತ ಮೇಲ್ಮೈಯೇ ಮುಖ್ಯ. ದೇಹದ ಕಾವಲುಪಡೆಯ ಕೋಶಗಳಿಗೆ ರೋಗಾಣುವನ್ನು ಕಂಡರೆ ನುಂಗುವುದು ಅಭ್ಯಾಸ. ಹರಳನ್ನೂ ಅವು ಅನ್ಯವಸ್ತುವೆಂದು ಬಗೆದು ನುಂಗುತ್ತವೆ. ರೋಗಾಣು ಒಳಗೆ ಜೀರ್ಣವಾದೀತು. ಹರಳು ಸುಲಭವಾಗಿ ಜೀರ್ಣವಾಗದು. ನುಂಗಿದ ಕೋಶವೇ ಒಳಗಿನಿಂದ ಹಾನಿಗೊಂಡು ಅಪಾಯದ ಗಂಟೆ ಬಾರಿಸುತ್ತದೆ.

ಈ ಗಂಟೆ ಯಾವುದೆಂಬುದು ೨೦೦೬ರಲ್ಲಿ ಸ್ಪಷ್ಟವಾಯಿತು. ಸ್ವಿಟ್ಸರ್ಲೆಂಡಿನ ಲೋಜಾನ್ ನಗರದಲ್ಲಿ ಯುರ್ಗ್ ಚೋಪ್ ಎಂಬ ವಿಜ್ಞಾನಿಯ ತಂಡ ಯೂರೇಟ್ ಹರಳುಗಳೂ ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಹರಳುಗಳೂ ಕಾವಲುಕೋಶದೊಳಗಿನ 'ಇನ್‌ಫ್ಲಮಸೋಮ್' ಎಂಬ ಪ್ರೋಟೀನುಗಳ ಕೂಟವನ್ನು ಎಚ್ಚರಿಸುತ್ತವೆಂದು ತೋರಿಸಿತು. ಈ ಕೂಟ ಎಚ್ಚೆತ್ತರೆ ಇಂಟರ್‌ಲ್ಯೂಕಿನ್-೧ ಎಂಬ ಸಂದೇಶವಸ್ತು ಹೊರಬೀಳುತ್ತದೆ. ಅದರ ಕರೆಗೆ ರಕ್ತದಿಂದ ಬಿಳಿಯ ಕಣಗಳು ಸಾವಿರಗಟ್ಟಲೆ ಕೀಲಿಗೆ ನುಗ್ಗುತ್ತವೆ; ರಕ್ತನಾಳಗಳು ಹಿಗ್ಗುತ್ತವೆ; ಬಿಸಿಯೂ ಬಾವೂ ನೋವೂ ಬರುತ್ತವೆ. ಹುಸಿ ಗೌಟ್ ಹಠಾತ್ತಾಗಿ ಎರಗುವುದು ಹೀಗೆ.

ಎರಡನೆಯ ಕುಲದ ಹರಳುಗಳ ನಡತೆ ಇಷ್ಟು ಅಬ್ಬರದ್ದಲ್ಲ. ಅವು ಒಳಪೊರೆಯ ಕೋಶಗಳನ್ನು ವೃದ್ಧಿಗೊಳಿಸುತ್ತವೆ. ಕೊಲಾಜೆನ್ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನೂ, ನೋವನ್ನು ಹೆಚ್ಚಿಸುವ ಪ್ರಾಸ್ಟಗ್ಲ್ಯಾಂಡಿನ್ ಎಂಬ ವಸ್ತುವನ್ನೂ ಸ್ರವಿಸುವಂತೆ ಪ್ರಚೋದಿಸುತ್ತವೆ. ಪ್ರಯೋಗಶಾಲೆಯಲ್ಲಿ ಇದನ್ನು ಮತ್ತೆ ಮತ್ತೆ ನೋಡಲಾಗಿದೆ. ಬೂದಿ ಮುಚ್ಚಿದ ಕೆಂಡದಂತಹ ಉರಿಯೂತ ಇದು. ಅಸ್ಥಿಸಂಧಿವಾತದ ಕೀಲುರಸದಲ್ಲಿ ಸಾಮಾನ್ಯವಾಗಿ ಒಂದು ಘನ ಮಿಲಿಮೀಟರಿಗೆ ಎರಡು ಸಾವಿರಕ್ಕಿಂತ ಕಡಿಮೆ ಬಿಳಿಯ ಕಣಗಳಿರುತ್ತವೆ. ಗೌಟ್ ಕೆರಳಿದಾಗ ಈ ಸಂಖ್ಯೆ ಹತ್ತು ಸಾವಿರಗಳನ್ನು ಮೀರುವುದುಂಟು. ಕೆಂಡ ಸಣ್ಣದಾದರೂ ವರ್ಷಗಟ್ಟಲೆ ಆರದೆ ಇದ್ದರೆ ಸುಡದೆ ಬಿಡದು. ಕಿಣ್ವಗಳು ಮೃದ್ವಸ್ಥಿಯನ್ನು ಕೊರೆಯುತ್ತವೆ. ಕೊರೆದ ಕಡೆಯಿಂದ ಹರಳುಗಳು ಉದುರಿ ಕೀಲುರಸಕ್ಕೆ ಬೀಳುತ್ತವೆ. ಬಿದ್ದ ಹರಳು ಒಳಪೊರೆಯನ್ನು ಇನ್ನಷ್ಟು ಕೆರಳಿಸುತ್ತದೆ. ಸವೆತದಿಂದ ಉರಿ, ಉರಿಯಿಂದ ಸವೆತ - ಹೀಗೊಂದು ವಿಷಚಕ್ರ ತಿರುಗತೊಡಗುತ್ತದೆ.

ಬೆಂಕಿಯೋ, ಬೂದಿಯೋ?

ಇಷ್ಟನ್ನು ಓದಿದ ವಾಚಕರು ಹರಳೇ ಅಪರಾಧಿಯೆಂದು ತೀರ್ಪು ಕೊಟ್ಟುಬಿಡಬಾರದು. ಎದುರು ಪಕ್ಷದ ವಾದವೂ ಬಲವಾದುದೇ. ಕೀಲು ಕೆಟ್ಟ ಮೇಲೆ ಅದರ ಕೋಶಗಳು ತಮ್ಮ ಸ್ವಭಾವವನ್ನು ಮರೆತು, ಮೂಳೆ ಬೆಳೆಯುವ ಜಾಗದ ಕೋಶಗಳಂತೆ ಉಬ್ಬಿ ಸುಣ್ಣವನ್ನು ಸ್ರವಿಸುತ್ತವೆ. ಹಾಗಿದ್ದರೆ ಸುಣ್ಣ ಬೆಂಕಿಯಲ್ಲ, ಬೆಂಕಿ ಉರಿದ ಮೇಲೆ ಉಳಿದ ಬೂದಿ. ಕ್ಷ-ಕಿರಣದ ಚಿತ್ರದಲ್ಲಿ ಬಿಳಿಯ ಗೆರೆಯಿದ್ದೂ ಎಳ್ಳಷ್ಟೂ ನೋವಿಲ್ಲದೆ ಓಡಾಡುವ ವೃದ್ಧರು ಎಷ್ಟೋ ಮಂದಿ ಇದ್ದಾರೆ. ಅಸ್ಥಿಸಂಧಿವಾತದ ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ ೨೦೦೬ರಲ್ಲಿ ಪ್ರಕಟಿಸಿದ ಅಮೆರಿಕದ ಪರಿಶೀಲನೆಯೊಂದರಲ್ಲಿ, ಇಂತಹ ಗೆರೆಯಿದ್ದ ಮಂಡಿಗಳು ಗೆರೆಯಿಲ್ಲದ ಮಂಡಿಗಳಿಗಿಂತ ಬೇಗ ಸವೆಯಲಿಲ್ಲ. ಆದರೆ ಆ ಗೆರೆ ತೋರಿಸುವುದು ಮುಖ್ಯವಾಗಿ ಮೊದಲನೆಯ ಕುಲವನ್ನು. ಅತಿಸೂಕ್ಷ್ಮವಾದ ಎರಡನೆಯ ಕುಲದ ಲೆಕ್ಕ ಅದರಲ್ಲಿ ಸಿಗದು.

ಇದು ಕೇವಲ ಪಂಡಿತರ ವಾಗ್ವಾದವಲ್ಲ. ಹರಳು ಬೆಂಕಿಯಾದರೆ ಅದು ಕಟ್ಟದಂತೆ ಮಾಡುವ ಅಥವಾ ಅದರ ಉರಿಯನ್ನು ತಣಿಸುವ ಔಷಧದಿಂದ ಕೀಲನ್ನು ಉಳಿಸಬಹುದು. ಬೂದಿಯಾದರೆ ಅದನ್ನು ಗುಡಿಸಿ ಪ್ರಯೋಜನವಿಲ್ಲ. ಆದುದರಿಂದ ಔಷಧಗಳ ಪರೀಕ್ಷೆಯೇ ಈ ವ್ಯಾಜ್ಯದ ನ್ಯಾಯಾಲಯವಾಯಿತು.

ಗೌಟಿಗೆ ಬಲು ಹಿಂದಿನಿಂದ ಕೊಡುತ್ತ ಬಂದಿರುವ ಕಾಲ್ಚಿಸಿನ್ ಎಂಬ ಔಷಧ ಹರಳಿನಿಂದೇಳುವ ಉರಿಯನ್ನು ತಣಿಸಬಲ್ಲುದು. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿಹೂವಿನ ಬಳ್ಳಿಯಲ್ಲಿಯೂ, ಅಗ್ನಿಶಿಖೆಯೆಂಬ ಹೆಸರೂ ಅದಕ್ಕುಂಟು, ಇದೇ ವಸ್ತುವಿದೆ. ಆದರೆ ಆ ಬಳ್ಳಿಯ ಗೆಡ್ಡೆ ಪ್ರಾಣವನ್ನೇ ತೆಗೆಯಬಲ್ಲ ವಿಷ. ಮನೆಮದ್ದಾಗಿ ಅದನ್ನು ಎಂದೂ ಮುಟ್ಟತಕ್ಕದ್ದಲ್ಲ. ೨೦೧೮ರಲ್ಲಿ ಸಿಂಗಪುರದ ವೈದ್ಯರು ಮಂಡಿಯ ಅಸ್ಥಿಸಂಧಿವಾತವಿದ್ದ ೧೦೯ ಮಂದಿಯಲ್ಲಿ ಈ ಔಷಧದ ಪರೀಕ್ಷೆಯನ್ನು ಪ್ರಕಟಿಸಿದರು. ಉರಿಯೂತದ ಕೆಲವು ಗುರುತುಗಳು ಇಳಿದುವು; ನೋವು ಮಾತ್ರ ಇಳಿಯಲಿಲ್ಲ. ೨೦೨೩ರಲ್ಲಿ ಡೆನ್ಮಾರ್ಕಿನಲ್ಲಿ ಕೈಬೆರಳಿನ ಕೀಲುನೋವಿದ್ದ ೧೦೦ ಮಂದಿಯ ಮೇಲೆ ಮಾಡಿದ ಪರೀಕ್ಷೆಯೂ ಹಾಗೆಯೇ ನಿಷ್ಫಲವಾಯಿತು. ಇಂಟರ್‌ಲ್ಯೂಕಿನ್-೧ನ್ನು ನೇರವಾಗಿ ತಡೆಯುವ ಮದ್ದೂ ೨೦೧೯ರ ಪರೀಕ್ಷೆಯಲ್ಲಿ ಮಂಡಿನೋವಿಗೆ ಹೇಳಿಕೊಳ್ಳುವಂತಹ ಗುಣವನ್ನು ಕೊಡಲಿಲ್ಲ.

ಇಷ್ಟಕ್ಕೇ ಮೊಕದ್ದಮೆ ಮುಗಿಯಿತೆನ್ನುವಷ್ಟರಲ್ಲಿ ಅನಿರೀಕ್ಷಿತ ಕಡೆಯಿಂದ ಸಾಕ್ಷ್ಯ ಬಂದಿತು. ಹೃದ್ರೋಗಿಗಳಿಗೆ ಇದೇ ಬಗೆಯ ಔಷಧಗಳನ್ನು ಹೃದಯದ ಹಿತಕ್ಕಾಗಿ ಕೊಟ್ಟು ದೊಡ್ಡ ಪರೀಕ್ಷೆಗಳನ್ನು ನಡೆಸಲಾಗಿತ್ತು. ಆ ದಾಖಲೆಗಳನ್ನು ಕೀಲಿನ ದೃಷ್ಟಿಯಿಂದ ಮತ್ತೆ ತಿರುವಿಹಾಕಿದಾಗ ಕುತೂಹಲದ ಅಂಕಿಗಳು ಸಿಕ್ಕಿದುವು. ೨೦೨೦ರಲ್ಲಿ ಪ್ರಕಟವಾದ, ಹತ್ತು ಸಾವಿರ ರೋಗಿಗಳ ಪರೀಕ್ಷೆಯೊಂದರ ಮರುಪರಿಶೀಲನೆಯಲ್ಲಿ, ಇಂಟರ್‌ಲ್ಯೂಕಿನ್-೧ನ್ನು ತಡೆಯುವ ಮದ್ದನ್ನು ಪಡೆದವರಲ್ಲಿ ಮಂಡಿ ಅಥವಾ ಸೊಂಟದ ಕೀಲನ್ನು ಬದಲಾಯಿಸಿಕೊಳ್ಳಬೇಕಾಗಿ ಬಂದವರ ಪ್ರಮಾಣ ಮದ್ದು ಪಡೆಯದವರಿಗಿಂತ ನೂರಕ್ಕೆ ಸುಮಾರು ೪೦ರಷ್ಟು ಕಡಿಮೆಯಾಗಿದ್ದಿತು. ೨೦೨೩ರಲ್ಲಿ ೫,೫೨೨ ಹೃದ್ರೋಗಿಗಳ ದಾಖಲೆಗಳಲ್ಲಿ, ಅಲ್ಪ ಪ್ರಮಾಣದ ಕಾಲ್ಚಿಸಿನನ್ನು ದಿನವೂ ಸೇವಿಸಿದವರಲ್ಲಿ ಕೀಲು ಬದಲಾಯಿಸಿಕೊಂಡವರು ನೂರಕ್ಕೆ ೨.೫, ಸೇವಿಸದವರಲ್ಲಿ ೩.೫ ಎಂದು ಕಂಡುಬಂದಿತು.

ಈ ಪರೀಕ್ಷೆಗಳನ್ನು ಹೂಡಿದ್ದು ಹೃದಯಕ್ಕಾಗಿ, ಕೀಲಿಗಾಗಿ ಅಲ್ಲ; ಆದುದರಿಂದ ಇವನ್ನು ಸುಳಿವೆಂದು ಹೇಳಬಹುದೇ ಹೊರತು ನಿರ್ಣಯವೆಂದು ಹೇಳಲಾಗದು. ಆದರೂ ಎರಡು ಬಗೆಯ ಫಲಿತಾಂಶಗಳನ್ನು ಹೊಂದಿಸುವುದು ಸಾಧ್ಯ. ನಿಷ್ಫಲವಾದ ಕಾಲ್ಚಿಸಿನ್ ಪರೀಕ್ಷೆಗಳು ಕೆಲವೇ ವಾರಗಳು ನಡೆದುವು, ಅಳೆದದ್ದು ನೋವನ್ನು. ಹೃದ್ರೋಗಿಗಳ ಪರೀಕ್ಷೆಗಳು ವರ್ಷಗಟ್ಟಲೆ ನಡೆದುವು, ಎಣಿಸಿದ್ದು ಪೂರ್ತಿ ಕೆಟ್ಟ ಕೀಲುಗಳನ್ನು. ಕೆಂಡವನ್ನು ಆರಿಸಿದೊಡನೆ ಸುಟ್ಟ ಗಾಯದ ನೋವು ಮಾಯವಾಗದಿದ್ದರೂ ಮನೆ ಮತ್ತಷ್ಟು ಸುಡುವುದು ತಪ್ಪೀತು. ಹೀಗೆಯೇ ಇದೆಯೆಂಬುದನ್ನು, ಕೀಲಿಗಾಗಿಯೇ ಹೂಡಿದ ದೀರ್ಘಕಾಲದ ಪರೀಕ್ಷೆಗಳು ಮಾತ್ರ ತೋರಿಸಬಲ್ಲುವು.

ರೋಗಿಗೆ ಇದರಿಂದ ಏನು?

ಕೀಲಿನಲ್ಲಿ ಕಟ್ಟಿದ ಸುಣ್ಣದ ಹರಳನ್ನು ಕರಗಿಸುವ ಮದ್ದು ಇಂದು ನಮ್ಮಲ್ಲಿಲ್ಲ. ಗೌಟಿನಲ್ಲಿ ಯೂರಿಕ್ ಆಮ್ಲವನ್ನು ಇಳಿಸಿದರೆ ಅದರ ಹರಳು ಕ್ರಮೇಣ ಕರಗುತ್ತದೆ. ಸುಣ್ಣದ ಹರಳಿಗೆ ಅಂತಹ ಉಪಾಯ ದೊರೆತಿಲ್ಲ. ಕರಗಿಸುತ್ತೇವೆಂದು ಮಾರುವ ಚೂರ್ಣ, ತೈಲಗಳ ಮಾತನ್ನು ನಂಬಿ ಹಣ ಕಳೆದುಕೊಳ್ಳುವುದು ಯುಕ್ತವಲ್ಲ. ಹರಳಿಗೆ ಹೆದರಿ ಹಾಲನ್ನೂ ರಾಗಿಯನ್ನೂ ಬಿಡುವುದಂತೂ ಕೂಡದು. ಕೀಲಿನ ಸುಣ್ಣ ಅದರಿಂದ ಕಡಿಮೆಯಾಗದು; ಮೂಳೆ ಮಾತ್ರ ದುರ್ಬಲವಾದೀತು.

ಸವೆತವೊಂದೇ ಕಾರಣವಲ್ಲವೆಂದು ತಿಳಿದುದರಿಂದ ನಡವಳಿಕೆಯಲ್ಲಿ ಒಂದು ಬದಲಾವಣೆ ಆಗಬೇಕು. ನಡೆದಷ್ಟೂ ಸವೆಯುವುದೆಂದು ಹೆದರಿ ಕಾಲು ಚಾಚಿ ಕುಳಿತವರ ತೊಡೆಯ ಸ್ನಾಯುಗಳು ಸೊರಗಿ, ಮಂಡಿಗಿದ್ದ ಆಸರೆಯೂ ಹೋಗುತ್ತದೆ. ಒತ್ತಿ ಬಿಟ್ಟಾಗಲೇ ಪೋಷಣೆಯನ್ನು ಹೀರಿಕೊಳ್ಳುವ ಮೃದ್ವಸ್ಥಿಗೆ ಮಿತವಾದ ಚಲನೆ ಬೇಕೇಬೇಕು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಮೈತೂಕವಿದ್ದವರು ಅದನ್ನು ಇಳಿಸುವುದು, ನೋವು ಹೆಚ್ಚಾದಾಗ ವೈದ್ಯರು ಹೇಳಿದ ಮಿತಿಯಲ್ಲಿ ಉರಿಯೂತವನ್ನು ತಗ್ಗಿಸುವ ಲೇಪ ಅಥವಾ ಮಾತ್ರೆ - ಇಂದಿಗೂ ಇವೇ ಚಿಕಿತ್ಸೆಯ ಆಧಾರಸ್ತಂಭಗಳು. ಇವುಗಳಿಂದ ಸಾಲದಷ್ಟು ಕೀಲು ಕೆಟ್ಟಾಗ ಅದನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯುಂಟು.

ಇನ್ನೊಂದು ಸಂಗತಿಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಬಹುದಿನದಿಂದ ನೋಯುತ್ತಿದ್ದ ಮಂಡಿ ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾದರೆ, ಜೊತೆಗೆ ಜ್ವರವೂ ಬಂದರೆ, 'ಸವೆತ ಹೆಚ್ಚಾಯಿತು' ಎಂದು ಎಣ್ಣೆ ತಿಕ್ಕಿ ಕೂಡಬಾರದು. ಅದು ಹರಳಿನ ಉರಿಯಾಗಿರಬಹುದು. ಕೀಲಿನೊಳಗೆ ರೋಗಾಣು ಸೇರಿ ಕೀವಾಗುತ್ತಿರಲೂಬಹುದು. ಹೊರಗಿನಿಂದ ನೋಡಿ ಇವೆರಡನ್ನು ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ. ಒಮ್ಮೊಮ್ಮೆ ಎರಡೂ ಒಟ್ಟಿಗೆ ಇರುವುದುಂಟು. ಕೀವಾದ ಕೀಲು ಕೆಲವೇ ದಿನಗಳಲ್ಲಿ ಶಾಶ್ವತವಾಗಿ ಹಾಳಾಗಬಹುದು. ಸೂಜಿಯಿಂದ ಸ್ವಲ್ಪ ಕೀಲುರಸವನ್ನು ತೆಗೆದು ಪರೀಕ್ಷಿಸುವುದೇ ನಂಬಬಹುದಾದ ದಾರಿ. ಮಂಡಿಯ ನೀರು ತೆಗೆಸಿದರೆ ಕಾಲೇ ಹೋಗುವುದೆಂಬ ಭಯ ನಮ್ಮ ಜನರಲ್ಲಿ ಇನ್ನೂ ಇದೆ. ಶುಚಿಯಾಗಿ, ತಿಳಿದವರು ಮಾಡಿದ ಈ ಪರೀಕ್ಷೆಯಿಂದ ಅಪಾಯ ಅತ್ಯಲ್ಪ; ಮಾಡದೆ ಬಿಟ್ಟಾಗ ಒದಗಬಹುದಾದ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ಎರಡು ಬಗೆಯ ಕ್ಷ-ಕಿರಣಗಳನ್ನು ಒಟ್ಟಿಗೆ ಬಳಸಿ, ಕೀಲನ್ನು ಚುಚ್ಚದೆಯೇ ಹರಳಿನ ಜಾತಿಯನ್ನು ಗುರುತಿಸುವ ಯಂತ್ರಗಳು ಈಗ ಬಂದಿವೆ. ಶ್ರವಣಾತೀತ ಧ್ವನಿಯ ಚಿತ್ರಗಳೂ ಹರಳಿನ ಪದರಗಳನ್ನು ತೋರಿಸಬಲ್ಲುವು. ಇವುಗಳ ನೆರವಿನಿಂದ, ನೋವು ಆರಂಭವಾಗುವುದಕ್ಕೆ ಮೊದಲೇ ಹರಳು ಕಾಣಿಸಿಕೊಂಡ ಕೀಲುಗಳನ್ನು ಆರಿಸಿ ವರ್ಷಗಳ ಕಾಲ ಅನುಸರಿಸುವುದು ಸಾಧ್ಯವಾಗಿದೆ. ಹರಳು ಮೊದಲು ಬಂದು ಕೀಲು ತರುವಾಯ ಕೆಟ್ಟಿತೆ, ಕೀಲು ಮೊದಲು ಕೆಟ್ಟು ಹರಳು ತರುವಾಯ ಬಂದಿತೆ ಎಂಬ ವ್ಯಾಜ್ಯ ಅಲ್ಲಿಯೇ ತೀರ್ಮಾನವಾಗಬೇಕು. ಆ ತೀರ್ಮಾನ ಏನೇ ಆಗಲಿ, ಅಜ್ಜಿಯ ಮಂಡಿ ಬರಿಯ ಹಳೆಯ ಅಚ್ಚಲ್ಲ, ಕೆರಳಲೂ ತಣಿಯಲೂ ಬಲ್ಲ ಜೀವಂತ ಅಂಗವೆಂಬುದು ಈಗಾಗಲೇ ಸಿದ್ಧವಾಗಿದೆ. 'ಸವೆದುಹೋಗಿದೆ, ಇನ್ನೇನು ಮಾಡುವುದು' ಎಂದು ಕೈಚೆಲ್ಲಿ ಕೂಡಲು ಇನ್ನು ಕಾರಣವಿಲ್ಲ.